ಲೆಕ್ಕದ ಕಟ್ಟೆ: ಓರೆ ತ್ರಿಭುಜ, ಮಂಡಗದ್ದೆಯ ನಡುಗಡ್ಡೆ ಮತ್ತು ದೋಟಿಯ ಉದ್ದ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಸೈನ್ ನಿಯಮದ ಬಗ್ಗೆಯೇ ಇವೆ, ಅಂದರೆ ಲಂಬಕೋನ ಇಲ್ಲದ ತ್ರಿಭುಜದಲ್ಲೂ ಬಾಹುಗಳನ್ನು ಎದುರಿನ ಕೋನಗಳ ಜೊತೆ ಜೋಡಿಸುವ ನಿಯಮ. ಅಡಿಕೆ ಬೆಳೆಗಾರರೊಬ್ಬರು ಬರೆದ ಪತ್ರವೂ ಅದರಲ್ಲಿ ಸೇರಿದೆ. ಅವರಿಗೆ ಅದು ಸೈನ್ ನಿಯಮದ ಪ್ರಶ್ನೆ ಅಂತ ಗೊತ್ತಿರಲಿಲ್ಲ, ಅಷ್ಟೇ.

ಪ್ರಶ್ನೆ: ಹೊಸನಗರ ತಾಲ್ಲೂಕಿನ ಪಿಯು ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಸೈನ್ ನಿಯಮವನ್ನು ಬೋರ್ಡ್ ಮೇಲೆ ಬರೆದ ಕೂಡಲೇ ಮಕ್ಕಳು ಬಾಯಿಪಾಠ ಮಾಡಿಬಿಡುತ್ತಾರೆ. ಲೆಕ್ಕ ಕೊಟ್ಟರೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಹೇಗೆ ಹೇಳಿಕೊಡಲಿ ಸರ್?

ಉತ್ತರ: ಮೇಡಂ, ಮೊದಲ ದಿನ ಸೂತ್ರ ಬರೆಯಲೇಬೇಡಿ. ಅದನ್ನು ಎರಡನೇ ದಿನಕ್ಕೆ ಇಟ್ಟುಕೊಳ್ಳಿ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಮಂಡಗದ್ದೆ ಸಿಗುತ್ತದಲ್ಲ, ನಿಮ್ಮ ಮಕ್ಕಳಲ್ಲಿ ಹೆಚ್ಚಿನವರು ಬಸ್ಸಿನ ಕಿಟಕಿಯಿಂದಾದರೂ ನೋಡಿರುತ್ತಾರೆ. ತುಂಗೆಯ ನಡುವೆ ನಡುಗಡ್ಡೆ. ಮಳೆಗಾಲದಲ್ಲಿ ಅಲ್ಲಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳ ಸಂತೆ. ಹೊಳೆ ತುಂಬಿರುವಾಗ ಅಲ್ಲಿಗೆ ಟೇಪ್ ಹಿಡಿದುಕೊಂಡು ಹೋಗುವವರು ಯಾರು? ದಡದಲ್ಲೇ ನಿಂತು ಆ ಮರ ಎಷ್ಟು ದೂರ ಅಂತ ಹೇಳಬೇಕು. ಇದೇ ಪ್ರಶ್ನೆ ಕೊಡಿ.

ದಡದ ಮೇಲೆ ಎ ಮತ್ತು ಬಿ ಎಂಬ ಎರಡು ಗೂಟ. ನಡುವೆ 60 ಮೀಟರ್. ನಡುಗಡ್ಡೆಯ ಒಂದು ಮರ ಸಿ. ಎ ಗೂಟದ ಹತ್ತಿರ ಕೋನ 72 ಡಿಗ್ರಿ, ಬಿ ಹತ್ತಿರ 65 ಡಿಗ್ರಿ. ಈ ಅಂಕಿಗಳು ಲೆಕ್ಕಕ್ಕೆ ಅಂತ ನಾನೇ ಹಿಡಿದದ್ದು, ಸ್ಥಳದ ಅಳತೆಯಲ್ಲ. ಎ ಗೂಟದಿಂದ ಮರ ಎಷ್ಟು ದೂರ? ಇಷ್ಟು ಹೇಳಿ ಸುಮ್ನೆ ಕೂತುಬಿಡಿ.

ಹತ್ತನೇ ಕ್ಲಾಸಿನಿಂದ ಅವರು ತಂದಿರುವುದು ಲಂಬಕೋನ ತ್ರಿಭುಜ ಒಂದೇ. ಹಾಗಾಗಿ ಯಾರಾದರೊಬ್ಬರು "ಲಂಬ ಎಳೆಯೋಣ್ವಾ?" ಅಂದೇ ಅನ್ನುತ್ತಾರೆ. ಎಳೆಯಲಿ. ನೂರಕ್ಕೆ ತೊಂಬತ್ತು ಮಕ್ಕಳು ಮೇಲಿನ ಮೂಲೆಯಿಂದ, ಅಂದರೆ ಮರದಿಂದ ದಡಕ್ಕೆ ಎಳೆಯುತ್ತಾರೆ. ಆಗ 60 ಮೀಟರ್ ಎರಡು ತುಂಡಾಗುತ್ತದೆ. ಯಾವ ತುಂಡು ಎಷ್ಟು? ಗೊತ್ತಿಲ್ಲ. ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ನಿಲ್ಲಲಿ, ನೀವು ಅವಸರಪಟ್ಟು ಉತ್ತರ ಹೇಳಬೇಡಿ. ಈ ಹತ್ತು ನಿಮಿಷದಲ್ಲೇ ಪಾಠದ ಮುಕ್ಕಾಲು ಭಾಗ ಆಗಿಹೋಗುತ್ತದೆ.

ಆಮೇಲೆ ಒಂದೇ ಮಾತು ಹೇಳಿ: ಗೊತ್ತಿರುವ ಬಾಹುವನ್ನು ಮುರಿಯಬೇಡಿ. ಲಂಬವನ್ನು ಎ ಮೂಲೆಯಿಂದ ಎದುರಿನ ಬಿ-ಸಿ ಬಾಹುವಿಗೆ ಎಳೆದು ನೋಡಿ. ಈಗ 60 ಮೀಟರಿನ ಇಡೀ ಬಾಹು ಒಂದು ಲಂಬಕೋನ ತ್ರಿಭುಜದ ವಿಕರ್ಣವಾಯಿತು. ನಮಗೆ ಬೇಕಾದ ಎ-ಸಿ ಇನ್ನೊಂದರ ವಿಕರ್ಣ. ನಡುವಿನ ಲಂಬ ಎರಡಕ್ಕೂ ಒಂದೇ. ಒಂದು ಕಡೆಯಿಂದ ಅದರ ಉದ್ದ 60 ಗುಣಿಸು ಸೈನ್ 65. ಇನ್ನೊಂದು ಕಡೆಯಿಂದ ಎ-ಸಿ ಗುಣಿಸು ಸೈನ್ 43, ಏಕೆಂದರೆ 180ರಲ್ಲಿ 72 ಮತ್ತು 65 ಕಳೆದರೆ ಮರದ ಹತ್ತಿರ ಉಳಿಯುವುದು 43. ಎರಡನ್ನೂ ಸಮ ಮಾಡಿ. 60 ಗುಣಿಸು 0.9063, ಭಾಗಿಸು 0.6820. ಸುಮಾರು 79.7 ಮೀಟರ್. ಇದು ಓರೆ ದೂರ. ದಡದಿಂದ ನೇರ ದೂರ ಬೇಕಿದ್ದರೆ ಇದನ್ನು ಸೈನ್ 72ರಿಂದ ಗುಣಿಸಿ, 75.8 ಮೀಟರ್ ಬರುತ್ತದೆ.

ಸೂತ್ರ ಇನ್ನೂ ಬರೆದಿಲ್ಲ, ಆದರೆ ಸೈನ್ ನಿಯಮ ಆಗಲೇ ಮುಗಿಯಿತು. ಒಂದು ಬಾಹುವನ್ನು ಅದರ ಎದುರಿನ ಕೋನದ ಸೈನ್‌ನಿಂದ ಭಾಗಿಸಿದರೆ ಏನು ಬರುತ್ತದೋ, ಉಳಿದೆರಡು ಬಾಹುಗಳಿಗೂ ಅದೇ ಬರುತ್ತದೆ. ಎರಡನೇ ದಿನ ಇದನ್ನು ಚೌಕಟ್ಟು ಹಾಕಿ ಬರೆಯಿರಿ.

ವಿಶಾಲಕೋನ ಬಂದಾಗ ಮಾತ್ರ ತರಗತಿ ಒಮ್ಮೆ ಮುಗ್ಗರಿಸುತ್ತದೆ. ಲಂಬ ತ್ರಿಭುಜದ ಹೊರಗೆ ಬೀಳುತ್ತದಲ್ಲ, ಅದಕ್ಕೆ. ಬಾಹುವನ್ನು ಚುಕ್ಕೆಗೆರೆಯಲ್ಲಿ ಮುಂದಕ್ಕೆ ಎಳೆಸಿ. ಹೊರಗೆ ಸಿಗುವ ಕೋನ 180ರಲ್ಲಿ ಒಳಗಿನದನ್ನು ಕಳೆದದ್ದು. ಎರಡರ ಸೈನ್ ಬೆಲೆಯೂ ಒಂದೇ. ಸೈನ್ 110 ಮತ್ತು ಸೈನ್ 70 ಎರಡನ್ನೂ ಮಕ್ಕಳೇ ನೋಡಲಿ, 0.9397. ಹಾಗಾಗಿ ನಿಯಮ ಅಲ್ಲೂ ಕೆಡುವುದಿಲ್ಲ.

ಯಾವಾಗ ಬಳಸಬೇಕು ಅನ್ನುವುದಕ್ಕೆ ಉದ್ದದ ಪಟ್ಟಿ ಬೇಡ. ಒಂದು ಬಾಹು ಮತ್ತು ಅದರ ಎದುರಿನ ಕೋನ, ಈ ಜೋಡಿ ಕೈಗೆ ಸಿಕ್ಕಿತಾ? ಸೈನ್ ನಿಯಮ. ಸಿಗಲಿಲ್ಲವಾ, ಅಂದರೆ ಮೂರು ಬಾಹು ಮಾತ್ರ ಕೊಟ್ಟಿದ್ದಾರೆ ಅಥವಾ ಎರಡು ಬಾಹು ಮತ್ತು ಅವುಗಳ ನಡುವಿನ ಕೋನ ಕೊಟ್ಟಿದ್ದಾರೆ, ಆಗ ಕೊಸೈನ್ ನಿಯಮ. ಎರಡು ಕೋನ ಗೊತ್ತಿದ್ದರೆ ಮೂರನೆಯದು ಬಿಟ್ಟಿ ಸಿಗುತ್ತದೆ, ಹಾಗಾಗಿ ಜೋಡಿಯೂ ಸಿಕ್ಕಂತೆಯೇ.

ಸಾಧ್ಯವಾದರೆ ದೀಪಾವಳಿ ಕಳೆದ ಮೇಲೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ. ಆಟಿ ಮಳೆಯಲ್ಲಿ ಈ ಸಾಹಸ ಬೇಡ. ಕೋನಮಾಪಕವನ್ನು ರಟ್ಟಿಗೆ ಅಂಟಿಸಿ, ನಡುವೆ ಗುಂಡುಸೂಜಿ ಚುಚ್ಚಿ, ಅದಕ್ಕೊಂದು ಎಳನೀರಿನ ಸ್ಟ್ರಾ ತಿರುಗುವ ಹಾಗೆ ಕಟ್ಟಿದರೆ ಸಾಕು. ಒಂದು ಗುಂಪು 60 ಮೀಟರ್ ಅಂತರ ಇಟ್ಟುಕೊಳ್ಳಲಿ, ಇನ್ನೊಂದು ಗುಂಪು 5 ಮೀಟರ್. ಎ ಕೋನ ನೋಡುವಾಗ 1 ಡಿಗ್ರಿ ಜಾಸ್ತಿ ಓದಿದರೆ ಮೊದಲ ಗುಂಪಿನ 79.7 ಹೋಗಿ 81.3 ಆಗುತ್ತದೆ. ಪರವಾಗಿಲ್ಲ. 5 ಮೀಟರ್ ಗುಂಪಿನವರಿಗೆ ಮರದ ಹತ್ತಿರದ ಕೋನ ಮೂರೂವರೆ ಡಿಗ್ರಿಯಷ್ಟೇ ಉಳಿದಿರುತ್ತದೆ. ಅಲ್ಲಿ 1 ಡಿಗ್ರಿ ಆಚೀಚೆ ಆದರೆ 80 ಮೀಟರ್ ಇದ್ದದ್ದು 62 ಆಗಬಹುದು, 112 ಕೂಡ ಆಗಬಹುದು. ಯಾಕೆ ಅಂತ ಮಕ್ಕಳು ಜಗಳ ಆಡಲಿ. ಅಂತಹ ಜಗಳ ತರಗತಿಗೆ ಒಳ್ಳೆಯದು.

ಪ್ರಶ್ನೆ: ಎರಡು ಬಾಹು ಮತ್ತು ನಡುವೆ ಇಲ್ಲದ ಒಂದು ಕೋನ ಕೊಟ್ಟಾಗ ಎರಡೆರಡು ಉತ್ತರ ಬರುತ್ತದೆ ಎಂದು ಟ್ಯೂಷನ್‌ನಲ್ಲಿ ಹೇಳಿದರು. ಒಂದೊಂದು ಸಲ ಒಂದೇ ಬರುತ್ತದೆ, ಒಂದೊಂದು ಸಲ ಉತ್ತರವೇ ಇಲ್ಲ. ತಲೆ ಕೆಟ್ಟುಹೋಗಿದೆ. (ಪ್ರಥಮ ಪಿಯು ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ತಮ್ಮಾ, ಕ್ಯಾಲ್ಕುಲೇಟರ್ ಪಕ್ಕಕ್ಕೆ ಇಡು. ಒಂದು ಮಲೆನಾಡು ಗಿಡ್ಡ ಹಸುವನ್ನು ಕಣ್ಣ ಮುಂದೆ ತಂದುಕೋ.

ನೇರ ರಸ್ತೆ ಇದೆ. ಎ ಅನ್ನುವ ಕಡೆಯಿಂದ ಒಂದು ಕಾಲುದಾರಿ ರಸ್ತೆಗೆ 30 ಡಿಗ್ರಿ ಕೋನದಲ್ಲಿ ಬ್ಯಾಣದ (ಹುಲ್ಲುಗಾವಲಿನ) ಒಳಗೆ ಹೋಗುತ್ತದೆ. ಆ ದಾರಿಯಲ್ಲಿ 10 ಮೀಟರ್ ಹೋದರೆ ಸಿ ಅನ್ನುವ ಗೂಟ. ಹಸುವನ್ನು ಅಲ್ಲಿ ಕಟ್ಟಿದೆ. ಹಗ್ಗ ಬಿಗಿಯಾಗಿ ಎಳೆದುಕೊಂಡು ಅದು ರಸ್ತೆಯನ್ನು ಎಲ್ಲೆಲ್ಲಿ ಮುಟ್ಟಬಹುದು? ಅದು ಮುಟ್ಟುವ ಜಾಗವೇ ನಿನ್ನ ತ್ರಿಭುಜದ ಬಿ ಮೂಲೆ.

ಮೊದಲು ಗೂಟದಿಂದ ರಸ್ತೆಗೆ ನೇರ ದೂರ ನೋಡು. 10 ಗುಣಿಸು ಸೈನ್ 30, ಅಂದರೆ 5 ಮೀಟರ್. ಹಗ್ಗ 4 ಮೀಟರ್ ಇದ್ದರೆ ಹಸು ರಸ್ತೆಗೆ ಬರುವುದೇ ಇಲ್ಲ. ತ್ರಿಭುಜ ಇಲ್ಲ. ಸರಿಯಾಗಿ 5 ಇದ್ದರೆ ಒಂದೇ ಕಡೆ ಮುಟ್ಟುತ್ತದೆ, ಅಲ್ಲಿ ಲಂಬಕೋನ. 6 ಮೀಟರ್ ಇದ್ದರೆ? ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಎರಡು ಕಡೆ ಮುಟ್ಟುತ್ತದೆ. ಎರಡೂ ನಿಜವಾದ ತ್ರಿಭುಜಗಳೇ. ಸೈನ್ ನಿಯಮ ಹಾಕಿದರೆ ಬಿ ಕೋನದ ಸೈನ್ 5 ಭಾಗಿಸು 6, ಅಂದರೆ 0.8333. ಕ್ಯಾಲ್ಕುಲೇಟರ್ 56.4 ಡಿಗ್ರಿ ಅಂತ ಒಂದನ್ನೇ ತೋರಿಸಿ ಸುಮ್ಮನಾಗುತ್ತದೆ. ಇನ್ನೊಂದು 180ರಲ್ಲಿ ಅದನ್ನು ಕಳೆದ 123.6. ಅದನ್ನು ನೀನೇ ಹುಡುಕಬೇಕು. ಎ ಇಂದ ಬಿ ವರೆಗಿನ ದೂರ ಮೊದಲನೆಯದರಲ್ಲಿ ಸುಮಾರು 11.98 ಮೀಟರ್, ಎರಡನೆಯದರಲ್ಲಿ 5.34.

ಹಗ್ಗವನ್ನು 12 ಮೀಟರ್ ಮಾಡು. ಈಗಲೂ ಎರಡು ಕಡೆ ಮುಟ್ಟುತ್ತದೆ, ಆದರೆ ಒಂದು ಜಾಗ ಎ ಗಿಂತ ಹಿಂದೆ ಬೀಳುತ್ತದೆ. ಅಲ್ಲಿ ನಿನ್ನ 30 ಡಿಗ್ರಿ ಕೋನ ಉಳಿಯುವುದೇ ಇಲ್ಲ, 150 ಆಗುತ್ತದೆ. ಹಾಗಾಗಿ ಅದನ್ನು ಬಿಡಬೇಕು, ಉತ್ತರ ಒಂದೇ.

ಕೈವಾರ ತೆಗೆದುಕೊಂಡು ಸಿ ಮೇಲೆ ಮುಳ್ಳು ಇಟ್ಟು ಈ ನಾಲ್ಕೂ ಹಗ್ಗಗಳನ್ನು ಸೆಂಟಿಮೀಟರ್ ಲೆಕ್ಕದಲ್ಲಿ ನೋಟ್‌ಬುಕ್‌ನಲ್ಲೇ ಎಳೆ. ಟ್ಯೂಷನ್‌ನಲ್ಲಿ ಕೊಟ್ಟ ಕೋಷ್ಟಕ ಆಮೇಲೆ ಬೇಕಾಗುವುದಿಲ್ಲ. ಕೊಟ್ಟ ಕೋನವೇ ವಿಶಾಲಕೋನ ಆಗಿದ್ದರೆ ಗೊಂದಲ ಇನ್ನೂ ಕಡಿಮೆ: ಎದುರಿನ ಬಾಹು ಇನ್ನೊಂದಕ್ಕಿಂತ ಉದ್ದ ಇದ್ದರೆ ಒಂದು ಉತ್ತರ, ಇಲ್ಲದಿದ್ದರೆ ಇಲ್ಲ.

ಪ್ರಶ್ನೆ: ನಮ್ಮದು ಇಳಿಜಾರು ತೋಟ. ಅಡಿಕೆ ಕೊನೆ (ಗೊನೆ) ತೆಗೆಯಲು ದೋಟಿ, ಅಂದರೆ ಉದ್ದದ ಕೋಲು, ಕೊಳ್ಳಬೇಕು. ಮರದ ಎತ್ತರ ಅಳೆಯಲು ಮಗಳು ಹತ್ತನೇ ಕ್ಲಾಸಿನ ಲೆಕ್ಕ ಹಾಕಿದಳು. ಬಂದ ಎತ್ತರ ನೋಡಿ ಕೊನೆಗಾರ ನಕ್ಕ. ಲೆಕ್ಕ ತಪ್ಪೋ, ಅವನ ಅಂದಾಜು ತಪ್ಪೋ? ಮರದಿಂದ ಕೆಳಗಡೆ 12 ಮೀಟರ್ ಅಳೆದು ನಿಂತದ್ದು. ತುದಿ ನೋಡಿದ ಕೋನ 50 ಡಿಗ್ರಿ. ನೆಲದ ಇಳಿಜಾರು ಸುಮಾರು 15 ಡಿಗ್ರಿ ಎಂದು ಫೋನ್ ತೋರಿಸಿತು. (ಬೆಳೆಗಾರರು, ಸಾಗರ ತಾಲ್ಲೂಕು)

ಉತ್ತರ: ಯಜಮಾನ್ರೇ, ಕೊನೆಗಾರ ನಕ್ಕಿದ್ದು ಸರಿ. ಮಗಳ ಗುಣಾಕಾರವೂ ಸರಿ. ಆದರೆ ಆ ಲೆಕ್ಕ ಗದ್ದೆ ಬಯಲಿಗೆ ಸಲ್ಲುತ್ತದೆ, ನಿಮ್ಮ ತೋಟಕ್ಕಲ್ಲ. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ನೆಲ ಯಾವಾಗಲೂ ಮಟ್ಟ. ಮಲೆನಾಡಿನಲ್ಲಿ ಅಂತಹ ನೆಲ ಸಿಗುವುದು ಶಾಲೆಯ ಆಟದ ಮೈದಾನದಲ್ಲಿ, ಅದೂ ಜೆಸಿಬಿ ಬಂದು ಹೋದ ಮೇಲೆ.

ನಿಮ್ಮ ಮರ ನೇರ ನಿಂತಿದೆ, ನೆಲ ಓರೆ. ಬುಡದಲ್ಲಿ ಕೋನ 90 ಅಲ್ಲ, 90 ಮತ್ತು 15 ಕೂಡಿ 105. ನೀವು ನಿಂತ ಕಡೆ, ನೆಲದ ಗೆರೆಗೂ ಮರದ ತುದಿಗೂ ನಡುವಿನ ಕೋನ 50ರಲ್ಲಿ 15 ಕಳೆದು 35. ಮರದ ತುದಿಯಲ್ಲಿ ಉಳಿದ 40. ಗೊತ್ತಿರುವ ಬಾಹು 12 ಮೀಟರ್, ಅದರ ಎದುರಿಗೆ ಇರುವುದು ಆ 40 ಡಿಗ್ರಿ. ಮರದ ಎದುರಿಗೆ 35. ಹಾಗಾಗಿ 12 ಗುಣಿಸು ಸೈನ್ 35, ಭಾಗಿಸು ಸೈನ್ 40. ಬರುವುದು 10.7 ಮೀಟರ್. ಕಣ್ಣಿನ ಎತ್ತರದಿಂದ ನೋಡಿದ್ದರಿಂದ ಅದರ ಒಂದೂವರೆ ಮೀಟರ್ ಕೂಡಿಸಿ. ಒಟ್ಟು 12.2 ಮೀಟರ್, ಅಂದರೆ 40 ಅಡಿ.

ಮಟ್ಟ ನೆಲದ ಲೆಕ್ಕದಲ್ಲಿ ಮಗಳಿಗೆ 15.8 ಮೀಟರ್ ಬಂದಿರಬೇಕು. ಸುಮಾರು 12 ಅಡಿ ಜಾಸ್ತಿ. ದೋಟಿಯ ರೇಟು ಅಡಿ ಲೆಕ್ಕದಲ್ಲಿ ಏರುತ್ತದೆ, ನಿಮಗೆ ಗೊತ್ತೇ ಇದೆ. ಮರ ಸ್ವಲ್ಪ ವಾಲಿದ್ದರೆ 105 ಕೂಡ ಬದಲಾಗುತ್ತದೆ, ಹಾಗಾಗಿ ನೆಟ್ಟಗಿರುವ ಮರವನ್ನೇ ಆರಿಸಿ. ಮತ್ತೆ, ದೋಟಿ ಹಿಡಿಯುವವನು ಬುಡದಿಂದ ಒಂದಷ್ಟು ದೂರ ನಿಲ್ಲುತ್ತಾನೆ. ಎಷ್ಟು ಉದ್ದ ಸಾಕು ಅನ್ನುವುದನ್ನು ಕಡೆಗೆ ಅವನನ್ನೇ ಕೇಳಿ.

ಪ್ರಶ್ನೆ: ಸೈನ್ ನಿಯಮ ಕಂಡುಹಿಡಿದವರು ಯಾರು? ಇದು ನಮ್ಮವರದ್ದೇ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. (ಓದುಗರು, ತೀರ್ಥಹಳ್ಳಿ)

ಉತ್ತರ: ಒಬ್ಬರ ಹೆಸರಿಗೆ ಖಾತೆ ಮಾಡಿಕೊಡುವುದು ಕಷ್ಟ. ಬ್ರಹ್ಮಗುಪ್ತ 628ರಲ್ಲಿ ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಒಂದು ಮಾತು ಇದೆ: ತ್ರಿಭುಜದ ಎರಡು ಬಾಹುಗಳನ್ನು ಗುಣಿಸಿ, ಲಂಬದ ಎರಡರಷ್ಟರಿಂದ ಭಾಗಿಸಿದರೆ ಮೂರೂ ಮೂಲೆಗಳನ್ನು ಮುಟ್ಟುವ ವೃತ್ತದ ತ್ರಿಜ್ಯ ಸಿಗುತ್ತದೆ. ಬಾಹುವನ್ನು ಎದುರಿನ ಕೋನದ ಸೈನ್‌ನಿಂದ ಭಾಗಿಸಿದಾಗ ಬರುವುದೂ ಅದೇ ವೃತ್ತದ ವ್ಯಾಸ. ಅಂದರೆ ತಿರುಳು ಅಲ್ಲಿದೆ. ಆದರೆ ನಾವು ಇವತ್ತು ಬರೆಯುವ ರೂಪದಲ್ಲಿ ಇಲ್ಲ. ಗೋಳದ ಮೇಲಿನ ತ್ರಿಭುಜಗಳಿಗೆ ಈ ನಿಯಮವನ್ನು 10ನೇ ಶತಮಾನದ ಹೊತ್ತಿಗೆ ಅಬುಲ್ ವಫಾ ಮತ್ತು ಅವನ ಕಾಲದವರು ಸಾಧಿಸಿದ್ದರು. ಸಮತಲದ ತ್ರಿಭುಜಕ್ಕೆ ಸ್ಪಷ್ಟವಾಗಿ ಹೇಳಿ ಸಾಧಿಸಿದವರಲ್ಲಿ 13ನೇ ಶತಮಾನದ ನಾಸಿರುದ್ದೀನ್ ತೂಸಿ ದೊಡ್ಡ ಹೆಸರು. ಯುರೋಪಿನಲ್ಲಿ ರೆಜಿಯೊಮೊಂಟಾನಸ್ 1464ರ ಸುಮಾರಿಗೆ ಬರೆದ, ಅದು ಅಚ್ಚಾದದ್ದು 1533ರಲ್ಲಿ. ವಾಟ್ಸಾಪ್‌ಗೆ ಇಷ್ಟೆಲ್ಲ ಹಿಡಿಸುವುದಿಲ್ಲ, ಬಿಡಿ.

ನನಗೆ ಇದರಲ್ಲಿ ಹೆಚ್ಚು ರುಚಿಸುವುದು ವಿಲಿಯಂ ಲ್ಯಾಂಬ್ಟನ್‌ನ ಕಥೆ. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದಿದ್ದ ಸೈನ್ಯದ ಅಧಿಕಾರಿ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಸುಮಾರು ಏಳೂವರೆ ಮೈಲಿಯ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದ. ಆಮೇಲೆ ಹೆಚ್ಚಿನದೆಲ್ಲ ಕೋನಗಳ ಕೆಲಸ. ಕೋನ ಅಳೆಯುವ, ಅರ್ಧ ಟನ್ ತೂಕದ ಥಿಯೋಡೊಲೈಟ್ ಯಂತ್ರವನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊರಿಸಿಕೊಂಡು, ತ್ರಿಭುಜದ ಪಕ್ಕ ತ್ರಿಭುಜ ಕಟ್ಟುತ್ತ, ಮೈಸೂರು ಸೀಮೆ ದಾಟಿ, ಘಟ್ಟ ಇಳಿದು ಮಂಗಳೂರಿನ ಕಡಲಿನವರೆಗೆ ಬಂದ. ಒಂದು ತ್ರಿಭುಜದಲ್ಲಿ ಲೆಕ್ಕದಿಂದ ಸಿಕ್ಕ ಬಾಹುವೇ ಮುಂದಿನ ತ್ರಿಭುಜಕ್ಕೆ ಗೊತ್ತಿರುವ ಬಾಹು. ಭೂಮಿ ಗುಂಡಗಿರುವುದಕ್ಕೆ ತಿದ್ದುಪಡಿ ಬೇಕು, ನಡುನಡುವೆ ಸರಪಳಿ ಹಿಡಿದು ತಾಳೆ ನೋಡಬೇಕು. ಆದರೂ ಒಳಗೆ ಓಡುತ್ತಿರುವುದು ಸೈನ್ ನಿಯಮವೇ. ಕಡೆಗೆ ನೋಡಿದರೆ ಮದ್ರಾಸಿನಿಂದ ಮಂಗಳೂರಿಗೆ ಹಳೆಯ ನಕ್ಷೆಗಳಲ್ಲಿ ಇದ್ದ ಸುಮಾರು 400 ಮೈಲಿ ಅಗಲ 360ಕ್ಕೆ ಇಳಿಯಿತು. 40 ಮೈಲಿ ನೆಲ ಕಾಗದದ ಮೇಲೆ ಮಾತ್ರ ಇತ್ತು!

ಪ್ರಶ್ನೆ: ಸರ್ವೇ ಲೆಕ್ಕದಲ್ಲಿ ಕ್ಯಾಲ್ಕುಲೇಟರ್ ಬಾಹುವಿನ ಉದ್ದವನ್ನು ಮೈನಸ್ ಎಂದು ತೋರಿಸುತ್ತದೆ. ಯಾಕೆ ಸರ್? (ಡಿಪ್ಲೊಮಾ ಸಿವಿಲ್ ವಿದ್ಯಾರ್ಥಿನಿ, ಭದ್ರಾವತಿ)

ಉತ್ತರ: ಸೈನ್ 30 ಒತ್ತಿ ನೋಡಮ್ಮ. 0.5 ಬರುವ ಬದಲು ಮೈನಸ್ 0.988 ಬಂದರೆ ನಿನ್ನ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ. ಡಿಗ್ರಿಗೆ ಬದಲಾಯಿಸು. 0.5 ಸರಿಯಾಗಿ ಬಂದೂ ಉದ್ದ ಮೈನಸ್ಸೇ ಬರುತ್ತಿದ್ದರೆ, ಮೂರು ಕೋನ ಕೂಡಿ 180 ಆಗುತ್ತದಾ ನೋಡು. ಕೊಟ್ಟ ಎರಡೇ ಕೋನ 180 ದಾಟಿದ್ದರೆ ಮೂರನೆಯದು ಮೈನಸ್ ಆಗಿ ಉದ್ದವೂ ಮೈನಸ್ ಬರುತ್ತದೆ. ಆಗ ಫೀಲ್ಡ್ ಬುಕ್ ತೆಗೆದು ಕೋನಗಳನ್ನು ಮತ್ತೊಮ್ಮೆ ಓದು.