ಭಾಷಣದಲ್ಲಿ ಒಂದು ಸುಳ್ಳೂ ಇಲ್ಲ, ಆದ್ರೂ ಅಪ್ಪ ಹೆಂಗೆ ಬಿದ್ರು?

ಪ್ರಶ್ನೆ: ನಮಸ್ತೆ ಸಾರ್, ನಾನು ಬಿಎ ಕೊನೇ ವರ್ಷ, ಮುಳಬಾಗಿಲು ತಾಲ್ಲೂಕಿನವಳು. ಹೋದ ವಾರ ನಮ್ಮೂರ ಅರಳಿಕಟ್ಟೆ ಹತ್ರ ಒಬ್ರು ಬಂದು ಡ್ರ್ಯಾಗನ್ ಫ್ರೂಟ್ ಬಗ್ಗೆ ಅರ್ಧ ಗಂಟೆ ಮಾತಾಡಿದ್ರು, ಸಸಿ ಕೊಡ್ತೀವಿ, ಹಣ್ಣು ನಾವೇ ವಾಪಸ್ ತಗೋತೀವಿ ಅಂತ. ಶನಿವಾರದೊಳಗೆ ಅಡ್ವಾನ್ಸ್ ಕಟ್ಬೇಕಂತೆ, ಅಪ್ಪ ರೆಡಿಯಾಗಿ ಕೂತಿದಾರೆ. ನಾನು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಅದನ್ನೇ ಕಾಲೇಜ್ ಅಸೈನ್ಮೆಂಟಿಗೆ ತಗೊಂಡೆ, ಈಥಾಸ್ ಪೇಥಾಸ್ ಲೋಗಾಸ್ ಗುರುತಿಸಿ ಅಂದಿದಾರೆ. ಆದ್ರೆ ಎಲ್ಲಾ ವಾಕ್ಯಕ್ಕೂ ಮೂರೂ ಹೊಂದತ್ತೆ ಅನ್ಸತ್ತೆ. ಸುಳ್ಳು ಹುಡುಕಿದ್ರೆ ಒಂದೂ ಸಿಗ್ತಿಲ್ಲ. ಬರ್ದಿದ್ದೆಲ್ಲ ಟೈಪ್ ಮಾಡಿ ಕಳ್ಸಿದೀನಿ, ಹೇಗೆ ಬಿಡ್ಸೋದು ಹೇಳಿ.

ಉತ್ತರ: ಕಳ್ಸಿದ್ದು ಎರಡು ಸಲ ಓದಿದೆ ಕಣಮ್ಮ. ಮನುಷ್ಯ ಒಳ್ಳೆ ಮಾತುಗಾರ, ಅದನ್ನ ಮೊದಲು ಒಪ್ಕೋಬೇಕು. ನೀನು ವಾಕ್ಯಕ್ಕೊಂದು ಚೀಟಿ ಅಂಟಿಸೋಕೆ ಹೊರಟಿದೀಯ, ಅಲ್ಲೇ ಸಿಕ್ಕಾಕೊಂಡಿರೋದು. ಅರಿಸ್ಟಾಟಲ್ 2300 ವರ್ಷದ ಹಿಂದೆ ಈ ಮೂರನ್ನ ಹೇಳಿದಾಗ ವಾಕ್ಯಗಳನ್ನ ಮೂರು ಡಬ್ಬಕ್ಕೆ ಹಾಕಿ ಅನ್ನಲಿಲ್ಲ, ಕೇಳೋನು ಯಾಕೆ ನಂಬ್ತಾನೆ ಅಂತ ನೋಡ್ದ. ನಾನು ಕ್ಲಾಸಲ್ಲಿ ಆಳು, ಅಳು, ಅಳತೆ ಅಂತ ಹೇಳ್ಕೊಡ್ತಿದ್ದೆ: ಮಾತಾಡ್ತಿರೋ ಆಳನ್ನ ನೋಡಿ ನಂಬೋದು ಈಥಾಸ್, ಮನಸ್ಸು ಕರಗಿ ನಂಬೋದು ಪೇಥಾಸ್, ಲೆಕ್ಕ ಸರಿ ಅನ್ನಿಸಿ ನಂಬೋದು ಲೋಗಾಸ್. (ಅಳು ಅಂದ್ರೆ ಕಣ್ಣೀರೇ ಅಲ್ಲ, ಭಯ, ಕೋಪ, ಆಸೆ, ನಾಚಿಕೆ ಎಲ್ಲಾ ಬಂತು, ಪ್ರಾಸಕ್ಕೆ ಹಂಗೆ ಇಟ್ಟಿದ್ದು.) ಅದಕ್ಕೇ ಪ್ರತಿ ವಾಕ್ಯದ ಮುಂದೆ, ಇದನ್ನ ಕೇಳಿ ಕಟ್ಟೆ ಮೇಲೆ ಕೂತವರು ತಲೆ ಆಡ್ಸಿದ್ದು ಯಾಕೆ ಅಂತ ಬರಿ, ಚೀಟಿ ತಾನಾಗೇ ಬರತ್ತೆ.

ಶುರು ನೋಡು. "ನಮ್ಮಪ್ಪನೂ ರೈತನೇ, 1200 ಅಡಿ ಕೊರ್ಸಿ ಮೂರು ಬೋರ್ ಫೇಲಾದಾಗ ಅಮ್ಮನ ಓಲೆ ಅಡ ಇಟ್ರು." ನೀನು ಇದಕ್ಕೆ ಪೇಥಾಸ್ ಅಂತ ಬರ್ದಿದೀಯ. ಕರುಳು ಚುರುಕ್ ಅನ್ನೋದು ನಿಜ, ಯಾಕಂದ್ರೆ ನಮ್ಮ ಕಡೆ ಬೋರ್ ಫೇಲಾಗದ ಮನೆ ಎಲ್ಲಿದೆ ಹೇಳು, ಆದ್ರೆ ಆ ವಾಕ್ಯದ ಮುಖ್ಯ ಕೆಲ್ಸ ಬೇರೆ, ಇವನು ನಮ್ಮವನೇ ಅನ್ನಿಸೋದು. ಆಮೇಲೆ ಮಧ್ಯದಲ್ಲಿ ಸಡನ್ನಾಗಿ ತೆಲುಗಿಗೆ ತಿರುಗಿ "ಮನ ವಾಳ್ಳೇ ಕದಾ" (ನಮ್ಮವರೇ ಅಲ್ವಾ) ಅಂದ ಅಂತ ಬರ್ದಿದೀಯಲ್ಲ, ಅದಕ್ಕೆ ಏನೂ ಗುರುತೇ ಹಾಕಿಲ್ಲ! ನನ್ನ ಪ್ರಕಾರ ಇಡೀ ಭಾಷಣದ ದೊಡ್ಡ ಏಟು ಅದೇ. ಮನೇಲಿ ತೆಲುಗು, ಬಸ್ಸಲ್ಲಿ ಕನ್ನಡ ಆಡೋ ಊರಲ್ಲಿ ಮನೆ ಮಾತಿಗೆ ಇಳಿದ್ರೆ ಅರ್ಧ ಬಾಗಿಲು ತೆಗ್ದಂಗೆ. ಅರಿಸ್ಟಾಟಲ್ ಈಥಾಸಿಗೆ ಮೂರು ಕಾಲು ಅಂತಾನೆ, ತಿಳುವಳಿಕೆ, ಒಳ್ಳೆ ನಡತೆ, ಕೇಳೋರ ಹಿತ ಬಯಸೋದು. ಅದು ಹಳೇ ಹೆಸರಿಂದಲ್ಲ, ಮಾತಿನೊಳಗೇ ಹುಟ್ಟಬೇಕು ಅಂತಾನೂ ಅಂತಾನೆ. ಈ ಮನುಷ್ಯನ ಹೆಸರೂ ನಿಮ್ಮೂರಿಗೆ ಗೊತ್ತಿರಲಿಲ್ಲ, ಅರ್ಧ ಗಂಟೇಲಿ ಮೂರನೇ ಕಾಲು ಗಟ್ಟಿಯಾಗಿ ನಿಲ್ಲಿಸ್ಕೊಂಡ. ಮೊದಲ್ನೇದು, ಅಂದ್ರೆ ಈ ಬೆಳೆ ಅವನು ಸ್ವಂತ ಬೆಳೆದಿದಾನಾ, ಎಷ್ಟು ವರ್ಷ, ಎಲ್ಲಿ, ಇದ್ರ ಬಗ್ಗೆ ನೀನು ಕಳ್ಸಿದ ಪುಟಗಳಲ್ಲಿ ಒಂದು ಸಾಲೂ ಇಲ್ಲ.

ಈಗ ಅಳತೆಗೆ ಬರೋಣ, ನೀನು ಲೋಗಾಸ್ ಸ್ಟ್ರಾಂಗ್ ಅಂತ ಬರ್ದಿರೋ ಜಾಗ. "ಇದು ಕಳ್ಳಿ ಜಾತಿ, ನೀರು ಕಮ್ಮಿ ಸಾಕು." ನಿಜ. "ಅಂಗಡೀಲಿ ಕೇಜಿ 150, ಲೆಕ್ಕ ನೀವೇ ಹಾಕ್ಕೊಳ್ಳಿ." ಇಲ್ಲಿ ನಿಂತ್ಕೋ. ಲೆಕ್ಕ ನೀವೇ ಹಾಕ್ಕೊಳ್ಳಿ ಅಂದಾಗ ಅವನು ಹೇಳ್ದೆ ಬಿಟ್ಟಿದ್ದನ್ನ ನಿಮ್ಮಪ್ಪ ಮನಸ್ಸಲ್ಲೇ ತುಂಬ್ಸಿದ್ರು: ಅಂಗಡಿ ರೇಟೇ ತೋಟಕ್ಕೂ ಸಿಗತ್ತೆ, ಸಸಿ ಫಲಕ್ಕೆ ಬರೋವರೆಗೂ ಆ ರೇಟು ನಿಲ್ಲತ್ತೆ, ಊರಲ್ಲಿ ಎಲ್ರೂ ಇದನ್ನೇ ಹಾಕಿದ್ರೂ ಇಳಿಯಲ್ಲ. ಮೂರರಲ್ಲಿ ಒಂದನ್ನೂ ಅವನು ಬಾಯಿಬಿಟ್ಟು ಹೇಳಿಲ್ಲ, ಸುಳ್ಳು ಎಲ್ಲಿಂದ ಸಿಗತ್ತೆ ನಿಂಗೆ. ಇದಕ್ಕೆ ಎಂಥಿಮೀಮ್ ಅಂತಾರೆ, ಒಂದು ಮೆಟ್ಟಿಲು ಬಿಟ್ಟು ಕಟ್ಟಿದ ವಾದ, ಆ ಮೆಟ್ಟಿಲನ್ನ ಕೇಳೋನೇ ಇಟ್ಕೊಂಡು ಹತ್ತುತಾನೆ, ತಾನೇ ಇಟ್ಟಿದ್ದಾದ್ರಿಂದ ಅನುಮಾನಾನೂ ಬರಲ್ಲ. ಕೋಲಾರದವರಿಗೆ ಇದು ಹೊಸ ಪಾಠ ಏನಲ್ಲ. 2023ರ ಜುಲೈನಲ್ಲಿ ನಮ್ಮ ಮಂಡೀಲಿ 15 ಕೇಜಿ ಟೊಮೇಟೊ ಬಾಕ್ಸ್ 2000 ದಾಟಿತ್ತು, ಆ ರೇಟ್ ನೋಡ್ಕೊಂಡು ನಾಟಿ ಮಾಡಿದವರ ಹಣ್ಣು ಬರೋ ಹೊತ್ತಿಗೆ ರೇಟು ಪಾತಾಳಕ್ಕೆ ಹೋಗಿತ್ತು. ತಮಾಷೆ ಅಂದ್ರೆ ಟೊಮೇಟೊ ರಸ್ತೆಗೆ ಸುರಿದ ಕಥೇನೂ ಅವನೇ ಹೇಳಿದಾನೆ, ಟೊಮೇಟೊ ಬಿಡಿ ಅನ್ನೋಕೆ! ಅದೇ ಕಥೆ ಅವನ ಹಣ್ಣಿಗೂ ಅಪ್ಲೈ ಆಗತ್ತೆ ಅಂತ ಯಾರೂ ಕೇಳಲಿಲ್ಲ.

ಹಂಗಂತ ಪೇಥಾಸ್ ಅಂದ್ರೆ ಮೋಸ ಅಂತ ಅಸೈನ್ಮೆಂಟಲ್ಲಿ ಬರೀಬೇಡ, ತುಂಬಾ ಜನ ಹಂಗೇ ಬರೀತಾರೆ, ಓದಿ ಓದಿ ನಂಗೆ ತಲೆನೋವು ಬಂದಿದೆ. ಅಂಬೇಡ್ಕರ್ 1949ರ ನವೆಂಬರ್ 25ಕ್ಕೆ ಸಂವಿಧಾನ ಸಭೇಲಿ ಮಾಡಿದ ಭಾಷಣ ನೋಡು. ಜನವರಿ 26ಕ್ಕೆ ನಾವು ವಿರೋಧಾಭಾಸದ ಬದುಕಿಗೆ ಕಾಲಿಡ್ತೀವಿ, ರಾಜಕೀಯದಲ್ಲಿ ಸಮಾನತೆ ಇರತ್ತೆ, ಸಾಮಾಜಿಕ ಆರ್ಥಿಕ ಬದುಕಲ್ಲಿ ಇರಲ್ಲ, ಇದನ್ನ ಬೇಗ ಸರಿಮಾಡದಿದ್ರೆ ನೊಂದವರು ಈ ಪ್ರಜಾಪ್ರಭುತ್ವವನ್ನೇ ಸಿಡಿಸಿಬಿಡ್ತಾರೆ ಅನ್ನೋ ಅರ್ಥದಲ್ಲಿ ಎಚ್ಚರಿಸ್ತಾರೆ. ಭಯ ಆಗತ್ತೆ ಕೇಳಿದ್ರೆ, ಆದ್ರೆ ಆ ಭಯ ವಾದದ ಹೊಟ್ಟೇಲೇ ಹುಟ್ಟಿದ್ದು. ನಿಮ್ಮೂರಿಗೆ ಬಂದವನ ಅಮ್ಮನ ಓಲೆ ತೆಗ್ದು ಪಕ್ಕಕ್ಕಿಡು, ಹಣ್ಣಿನ ಲೆಕ್ಕದಲ್ಲಿ ಏನಾದ್ರೂ ಬದಲಾಗತ್ತಾ? ಏನೂ ಇಲ್ಲ. ಎರಡಕ್ಕೂ ಸಂಬಂಧಾನೇ ಇರಲಿಲ್ಲ.

ಶನಿವಾರದ ಗಡುವು ಇದೆಯಲ್ಲ, ಅದು ಮೂರರಲ್ಲಿ ಯಾವ್ದೂ ಅಲ್ಲ, ಕೈರಾಸ್ ಅಂತಾರೆ, ಹೊತ್ತು ನೋಡಿ ಹೊಡೆಯೋದು. ಭಾನುವಾರ ಕಟ್ಟಿದ್ರೆ ಸಸಿ ಏನು ಒಣಗಿಹೋಗತ್ತಾ?

ಅಪ್ಪನ ಮುಂದೆ ಗ್ರೀಕ್ ಹೆಸರೆಲ್ಲ ತೆಗೀಬೇಡ, ಓದ್ಸಿದ್ದಕ್ಕೆ ನಂಗೇ ಪಾಠ ಹೇಳಕ್ಕೆ ಬಂದ್ಳು ಅಂತಾರೆ. ಅವರ ಕೈಲೇ ಆ ಮನುಷ್ಯಂಗೆ ಫೋನ್ ಮಾಡ್ಸು, "ಹೋದ ವರ್ಷ ಯಾವ ಊರಲ್ಲಿ ಯಾರ ತೋಟದ ಹಣ್ಣು ಎಷ್ಟಕ್ಕೆ ತಗೊಂಡ್ರಿ, ಬಿಲ್ಲಿದ್ರೆ ವಾಟ್ಸಾಪ್ ಮಾಡಿ" ಅಂತ ಕೇಳ್ಸು. ಬಿಲ್ ಬಂದ್ರೆ ಆ ತೋಟಕ್ಕೆ ಅಪ್ಪನ್ನ ಕರ್ಕೊಂಡು ಹೋಗಿ ನೋಡ್ಕೊಂಡು ಬನ್ನಿ. ಬಿಲ್ ಬದ್ಲು ಮತ್ತೆ ಓಲೆ ಕಥೆ ಬಂದ್ರೆ ಅದನ್ನೂ ರೆಕಾರ್ಡ್ ಮಾಡ್ಕೋ, ಅಸೈನ್ಮೆಂಟಿಗೆ ಕೊನೇ ಪುಟ ಆಯ್ತು.