ಓದುಗರ ಪ್ರಶ್ನೆ: ಕೆರೆ ತುಂಬಿದ ಮೇಲೆ ಉಕ್ಕುವ ಶೌಚಗುಂಡಿ

ಪ್ರಶ್ನೆ: ನಮ್ಮ ಮನೆ ಕೋಲಾರ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಕೆರೆ ಏರಿಯ ಕೆಳಗಿದೆ. 2015ರಲ್ಲಿ ಶೌಚಾಲಯ ಕಟ್ಟಿಸಿದಾಗ, ಮತ್ತೆ ಮತ್ತೆ ಖಾಲಿ ಮಾಡಿಸುವ ಗೋಜು ಬೇಡವೆಂದು 20 ಅಡಿಯ ಒಂದೇ ಗುಂಡಿ ತೋಡಿಸಿ ರಿಂಗ್ ಇಳಿಸಿದೆವು. 2021ರ ನವೆಂಬರ್‌ನಲ್ಲಿ ಕೆರೆ ಕೋಡಿ ಹರಿದಂದಿನಿಂದ, ಮಳೆ ಜೋರಾದಾಗಲೆಲ್ಲ ಗುಂಡಿ ತುಂಬಿ ನೀರು ಬೇಸಿನ್‌ಗೇ ಹಿಂದಿರುಗುತ್ತದೆ. 40 ಅಡಿ ದೂರದ ಹಳೆಯ ಬಾವಿಯಲ್ಲೂ ನೀರು ಬಂದಿದೆ. ಗುಂಡಿಯನ್ನು ಇನ್ನಷ್ಟು ಆಳ ಮಾಡಿಸೋಣವೇ? ಬಾವಿಯ ನೀರು ಕುಡಿಯಬಹುದೇ?

ಉತ್ತರ: ದಯವಿಟ್ಟು ಆಳ ಮಾಡಿಸಬೇಡಿ, ತೊಂದರೆ ಹುಟ್ಟಿರುವುದೇ ಆಳದಿಂದ. ನೀವು ಗುಂಡಿ ತೋಡಿಸಿದ ಕಾಲಕ್ಕೆ ಜಿಲ್ಲೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು, ತೆರೆದ ಬಾವಿಗಳು ಬತ್ತಿ ಕಸ ಸುರಿಯುವ ಹಳ್ಳಗಳಾಗಿದ್ದವು. ಹೀಗಿರುವಾಗ 20 ಅಡಿಗೇ ನೀರು ಏರಿ ಬಂದೀತೆಂದು ನಿಮಗಾಗಲಿ ಮೇಸ್ತ್ರಿಗಾಗಲಿ ಹೊಳೆಯದಿದ್ದುದು ಸಹಜವೇ. ಆಮೇಲೆ 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹಲವು ಕೆರೆಗಳಿಗೆ ಹರಿಯಿತು, 2021ರಲ್ಲಿ ಮಳೆಯೂ ಸುರಿಯಿತು. ಎರಡೇ ವರ್ಷದಲ್ಲಿ, ಅಂದರೆ 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಹವಾಮಾನ ಹೀಗೆ ಎರಡೂ ಕಡೆಗೆ ತೂಗಾಡುವಾಗ ಗುಂಡಿಯ ಅಳತೆಯನ್ನು ಬರದ ವರ್ಷಕ್ಕಲ್ಲ, ಕೋಡಿ ಹರಿದ ವರ್ಷಕ್ಕೆ ಹಿಡಿಯಬೇಕು.

ಆ ಅಳತೆ ನಿಮ್ಮ ಬಾವಿಯಲ್ಲೇ ಇದೆ. ಒಳಗಿನ ಕಲ್ಲುಕಟ್ಟಡದ ಮೇಲೆ ನೀರು ಏರಿ ಇಳಿದ ಗೆರೆ ಕಾಣುತ್ತದೆಯಲ್ಲ, ಅತ್ಯಂತ ಮೇಲಿನ ಗೆರೆಯನ್ನು ಹಗ್ಗ ಇಳಿಬಿಟ್ಟು ಅಳೆಯಿರಿ. ಗುಂಡಿಯ ತಳವು ಆ ಗೆರೆಗಿಂತ 2 ಮೀಟರ್ ಮೇಲಿರಬೇಕು. ಗೆರೆ 8 ಅಡಿಗೇ ಇದ್ದರೆ ಒಂದೂವರೆ ಅಡಿಗಿಂತ ಹೆಚ್ಚು ತೋಡುವಂತಿಲ್ಲ. ಆಗ ಗುಂಡಿಯ ಹೆಚ್ಚಿನ ಭಾಗವನ್ನು ನೆಲದ ಮೇಲೆ ಕಟ್ಟಿ, ಸುತ್ತ ಮಣ್ಣು ಏರಿಸಿ ದಮ್ಮಸ್ಸು ಮಾಡಿ, ಶೌಚಾಲಯದ ನೆಲವನ್ನೂ ಅಷ್ಟೇ ಎತ್ತರಿಸಬೇಕಾಗುತ್ತದೆ. ಅಷ್ಟು ಅಂತರ ಸಿಗದಿದ್ದರೆ ತಳಕ್ಕೆ ಜೇಡಿಮಣ್ಣು ಮೆತ್ತಿ ಮುಚ್ಚಿ, ಸುತ್ತಲೂ ಅರ್ಧ ಮೀಟರ್ ದಪ್ಪಕ್ಕೆ ಮರಳು ತುಂಬಿಸಿ. ಒಂದರ ಬದಲು ಎರಡು ಗುಂಡಿಗಳಿರಲಿ: ಒಂದು ತುಂಬಿದಾಗ ಅದನ್ನು ಮುಚ್ಚಿಟ್ಟು ಇನ್ನೊಂದನ್ನು ಬಳಸಬೇಕು. ಮುಚ್ಚಿದ್ದನ್ನು ಎರಡು ವರ್ಷ ಮುಟ್ಟದಿದ್ದರೆ ಅದು ಗೊಬ್ಬರವಾಗುತ್ತದೆ. ನಡುವೆ ನೀರು ನುಗ್ಗಿದರೆ ಎಣಿಕೆಯನ್ನು ಮೊದಲಿನಿಂದ ಹಿಡಿಯುವುದು ಕ್ಷೇಮ.

ಹಳೆಯ ಗುಂಡಿಗೆ ಮಳೆಗಾಲದಲ್ಲಿ ಸಕ್ಕಿಂಗ್ ಗಾಡಿ ಕರೆಸಿದರೆ ದುಡ್ಡು ದಂಡ. ತುಂಬಿರುವುದು ನೆಲದ ನೀರು, ಆದ್ದರಿಂದ ಮರುದಿನ ಮತ್ತೆ ತುಂಬುತ್ತದೆ, ಖಾಲಿ ಗುಂಡಿಯ ರಿಂಗ್ ಕುಸಿಯಲೂಬಹುದು. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಯಂತ್ರದಿಂದಲೇ ಖಾಲಿ ಮಾಡಿಸಿ ಮಣ್ಣು ತುಂಬಿಸಿ. ಯಾರನ್ನೂ ಒಳಗೆ ಇಳಿಸಬೇಡಿ. ಅಲ್ಲಿನ ಅನಿಲ ನಿಮಿಷದಲ್ಲಿ ಜೀವ ತೆಗೆಯುತ್ತದೆ, ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅದು ಅಪರಾಧವೂ ಹೌದು.

ಇನ್ನು ಬಾವಿಯ ನೀರು. 40 ಅಡಿ ಸಾಮಾನ್ಯವಾಗಿ ಸಾಕಾದ ದೂರವೇ, ಆದರೆ ನಿಮ್ಮ ಗುಂಡಿಯ ತಳ ನೀರಿನಲ್ಲೇ ಮುಳುಗಿದೆ, ಕೋಲಾರದ ನೆಲದಡಿಯ ಬಂಡೆಯ ಬಿರುಕುಗಳಲ್ಲಿ ಹೊಲಸು ಸೋಸದೆಯೇ ದೂರ ಸಾಗುತ್ತದೆ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಕಾಮಾಲೆ, ವಿಷಮಶೀತ ಜ್ವರಗಳ ಭಯ ತಪ್ಪುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಎಚ್‌ಟುಎಸ್ ಶೀಸೆ ಕೇಳಿ ಪಡೆದು ನೀರು ತುಂಬಿಡಿ. ಒಂದೆರಡು ದಿನದಲ್ಲಿ ಅದು ಕಪ್ಪಾದರೆ ಮಲದ ಸೋಂಕು ಇರುವ ಸೂಚನೆ. ಹಳೆಯ ಗುಂಡಿ ಮುಚ್ಚುವವರೆಗೆ ಬಾವಿಗೆ ಎಷ್ಟು ಬ್ಲೀಚಿಂಗ್ ಪುಡಿ ಹಾಕಿದರೂ ಸೋಂಕು ಮರಳಿ ಬರುತ್ತಲೇ ಇರುತ್ತದೆ, ಆದ್ದರಿಂದ ಆ ನೀರನ್ನು ಕುಡಿಯಲು ಬಳಸಬೇಡಿ. ಬೇರೆ ದಾರಿಯಿಲ್ಲದಿದ್ದರೆ ಮಾತ್ರ ಕುದಿಸಿ ಕುಡಿಯಿರಿ.

ಪ್ರಶ್ನೆ: ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ. ಶೌಚಾಲಯಕ್ಕೆ ಸುರಿಯಲು ನೀರೆಲ್ಲಿಂದ ತರುವುದು? (ಬಂಗಾರಪೇಟೆಯಿಂದ ಒಬ್ಬ ಗೃಹಿಣಿ)

ಉತ್ತರ: ಒಂದು ಸಲಕ್ಕೆ 10 ಲೀಟರ್‌ವರೆಗೆ ನುಂಗುವ ಫ್ಲಶ್ ಟ್ಯಾಂಕ್ ಬದಲು, ಹೆಚ್ಚು ಇಳಿಜಾರಿನ ಗ್ರಾಮೀಣ ಬೇಸಿನ್ ಹಾಕಿಸಿ, ಅದಕ್ಕೆ ಎರಡು ಲೀಟರ್ ಸಾಕು. ಬಟ್ಟೆ ಜಾಲಾಡಿದ ನೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟು ಅದನ್ನೇ ಸುರಿಯಬಹುದು. ಕೈ ತೊಳೆಯುವ ನೀರಿನಲ್ಲಿ ಮಾತ್ರ ಜಿಪುಣತನ ಬೇಡ: ಮುಚ್ಚಳವಿರುವ ಸಣ್ಣ ಡ್ರಮ್ಮಿಗೆ ನಲ್ಲಿ ಕೂರಿಸಿ, ಪಕ್ಕದಲ್ಲಿ ಸೋಪು ಇಟ್ಟುಕೊಳ್ಳಿ.