ಹಳೇ 2008 ಡೊಮೈನ್‌ಗೆ ಹೊಸ ಸರ್ವರ್ ಸೇರಿಸಿ ಬ್ಯಾಕಪ್ ಅಂತ ಆಫ್ ಮಾಡಿ ಇಡಬಹುದಾ?

ಆಫ್ ಮಾಡಿ ಇಡಬೇಡಿ. ನಿಮ್ಮ ಹತ್ತಿರ ವಿಂಡೋಸ್ ಸರ್ವರ್ 2008 ಆರ್2ರ ಡೊಮೈನ್ (ಆಫೀಸಿನ ಎಲ್ಲ ಯೂಸರ್, ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನಡೆಸೋ ವ್ಯವಸ್ಥೆ) ಇದೆ, ಹೊಸ 2019 ಸರ್ವರ್ ಬಂದಿದೆ, ಅದನ್ನು ಒಮ್ಮೆ ಸೇರಿಸಿಬಿಟ್ಟರೆ ಹಳೇದು ಕೆಟ್ಟ ದಿನ ಕೈ ಹಿಡಿಯುತ್ತದೆ ಅಂತ ಅಂದುಕೊಂಡಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ಆಗ ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದೆ. ನಲವತ್ತು ಸಿಸ್ಟಮ್, ಒಂದೇ ಡೊಮೈನ್ ಕಂಟ್ರೋಲರ್, ಅಂದರೆ ಲಾಗಿನ್ ಪರೀಕ್ಷಿಸಿ ಡೊಮೈನ್ ನಡೆಸೋ ಸರ್ವರ್. ಡೊಮೈನ್ ಹುಟ್ಟಿದ್ದು ಸರ್ವರ್ 2003ರಲ್ಲಿ. ನನಗಿಂತ ಮುಂಚೆ ಇದ್ದವರು ಅದನ್ನು 2008 ಆರ್2ಗೆ ತಂದಿದ್ದರು. ಲೆಕ್ಕದ ಡೇಟಾ ಬೇರೆ ಫೈಲ್ ಸರ್ವರ್‌ನಲ್ಲಿತ್ತು, ಆದರೆ ಯಾರು ಒಳಗೆ ಬರಬೇಕು ಅನ್ನೋದನ್ನು ತೀರ್ಮಾನಿಸೋದು ಡೊಮೈನೇ. ಹಳೇ ಡಬ್ಬಿ ವಯಸ್ಸಾಯಿತು ಅಂತ ಸಾವ್ಕಾರ್ರನ್ನು ಒಪ್ಪಿಸಿ 2012 ಆರ್2 ಹಾಕಿದ ಹೊಸ ಮೆಷಿನ್ ತರಿಸಿದೆ.

ಸೇರಿಸೋದು ಸುಲಭವಾಗಿಯೇ ಆಯಿತು. 2012ರಿಂದ ಈಚೆಗೆ ಸ್ಕೀಮಾ (ಡೈರೆಕ್ಟರಿಯ ಮಾಹಿತಿ ವಿನ್ಯಾಸ) ತಯಾರಿಯನ್ನು ಇನ್‌ಸ್ಟಾಲ್ ಮಾಡೋ ವಿಝಾರ್ಡೇ ಮಾಡಿಕೊಳ್ಳುತ್ತದೆ, ಅದಕ್ಕಿರೋ ಆಡ್‌ಪ್ರೆಪ್ ಕಮಾಂಡನ್ನು ಕೈಯಿಂದ ಓಡಿಸಬೇಕಿಲ್ಲ. ರೀಸ್ಟಾರ್ಟ್ ಆಯಿತು. ಡೊಮೈನ್‌ನ ಯೂಸರ್, ಕಂಪ್ಯೂಟರ್ ಪಟ್ಟಿ ಇರೋ ಆಕ್ಟಿವ್ ಡೈರೆಕ್ಟರಿ ತೆರೆದೆ, ಎಲ್ಲ ಯೂಸರ್‌ಗಳೂ ಕಾಣಿಸಿದರು. ಹಳೇ ಸರ್ವರ್‌ನಲ್ಲಿ ಒಂದು ಟೆಸ್ಟ್ ಯೂಸರ್ ಮಾಡಿದೆ, ಹೊಸದರಲ್ಲೂ ಬಂತು. ಆಯ್ತು ಅಂತ ನಿಶ್ಚಿಂತೆಯಿಂದ ಮನೆಗೆ ಹೋದೆ.

ನನ್ನ ತಪ್ಪು ಅಲ್ಲೇ ಆಗಿದ್ದು. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಹಳೇ ಸರ್ವರ್‌ನಿಂದ ಹೊಸದಕ್ಕೆ ಸರಕು ಎರಡು ಬೇರೆ ಬೇರೆ ಲಾರಿಗಳಲ್ಲಿ ಬರುತ್ತದೆ ಅಂದುಕೊಳ್ಳಿ. ಯೂಸರ್, ಪಾಸ್‌ವರ್ಡ್, ಕಂಪ್ಯೂಟರ್ ಅಕೌಂಟ್ ಎಲ್ಲಾ ಒಂದು ಲಾರಿ. ಗ್ರೂಪ್ ಪಾಲಿಸಿ (ಎಲ್ಲ ಸಿಸ್ಟಮ್‌ಗಳಿಗೂ ಒಟ್ಟಿಗೆ ಹಾಕೋ ನಿಯಮಗಳು) ಫೈಲುಗಳು, ಲಾಗಿನ್ ಸ್ಕ್ರಿಪ್ಟುಗಳು ಇರೋ ಸಿಸ್‌ವಾಲ್ ಫೋಲ್ಡರ್ ಇನ್ನೊಂದು ಲಾರಿ. ಮೊದಲನೆಯದು ಬಂದು ನಿಂತಿದ್ದನ್ನು ನೋಡಿ ಎರಡೂ ಬಂದವು ಅಂದುಕೊಂಡೆ. ಎರಡನೆಯದು ಹೊರಟೇ ಇರಲಿಲ್ಲ. ಅದರ ಡ್ರೈವರ್ ಎಫ್‌ಆರ್‌ಎಸ್ ಅನ್ನೋ ಹಳೇ ಸರ್ವಿಸ್. 2003ರಿಂದ ಮೇಲೆ ಬಂದ ಡೊಮೈನ್‌ಗಳಲ್ಲಿ, ಯಾರಾದರೂ ಬೇಕೆಂದೇ ಬದಲಾಯಿಸದಿದ್ದರೆ, ಸರ್ವರ್ 2008 ಆರ್2 ಆದರೂ ಸಿಸ್‌ವಾಲ್ ಸಾಗಿಸೋದು ಇದೇ. ನಮ್ಮ ಕಡೆ ಕರೆಂಟ್ ಹೋಗಿ ಬರೋದು ನಿಮಗೂ ಗೊತ್ತು. ಯುಪಿಎಸ್ ಬ್ಯಾಟರಿ ಸತ್ತು ಸರ್ವರ್ ಧಡಕ್ಕನೆ ಎಷ್ಟೋ ಸಲ ಬಂದ್ ಆಗಿತ್ತು. ಅಂಥ ಒಂದು ಸಲ ಎಫ್‌ಆರ್‌ಎಸ್ ತಾನು ಡಿಸ್ಕ್‌ನ ಬದಲಾವಣೆ ಎಲ್ಲಿವರೆಗೆ ಓದಿದ್ದೆ ಅನ್ನೋ ಗುರುತನ್ನೇ ಕಳೆದುಕೊಂಡು ನಿಂತುಬಿಟ್ಟಿತ್ತು. ಇದಕ್ಕೆ ಜರ್ನಲ್ ರ‍್ಯಾಪ್ ಅಂತಾರೆ. ಈವೆಂಟ್ ನಂಬರ್ 13568. ಹಳೇ ಸರ್ವರ್‌ನ ಲಾಗ್‌ನಲ್ಲಿ ಅದು ತಿಂಗಳುಗಟ್ಟಲೆಯಿಂದ ಕೆಂಪಗೆ ಕೂತಿತ್ತು. ಒಂದೇ ಸರ್ವರ್ ಇದ್ದಾಗ ಯಾರಿಗೂ ತೊಂದರೆ ಕಾಣಲಿಲ್ಲ, ಯಾಕಂದರೆ ಕಳಿಸೋಕೆ ಬೇರೆ ಜಾಗವೇ ಇರಲಿಲ್ಲ. ನಾನೂ ಆ ಲಾಗ್ ತೆರೆದು ನೋಡಲಿಲ್ಲ. ಸಿಸ್‌ವಾಲ್ ಪೂರ್ತಿ ಬರೋವರೆಗೂ ಹೊಸ ಸರ್ವರ್ ತಾನು ಡೊಮೈನ್ ಕಂಟ್ರೋಲರ್ ಅಂತ ಹೇಳಿಕೊಳ್ಳೋದೇ ಇಲ್ಲ. ಹಾಗಾಗಿ ಯಾವ ಸಿಸ್ಟಮೂ ಅದರ ಹತ್ತಿರ ಹೋಗೋದಿಲ್ಲ.

ನವೆಂಬರ್ ಬಂತು, ಭತ್ತದ ಸುಗ್ಗಿ. ಒಂದು ಭಾನುವಾರ ಯುಪಿಎಸ್ ಬ್ಯಾಟರಿ ಬದಲಿಸಲು ಹಳೇ ಸರ್ವರನ್ನು ಶಟ್‌ಡೌನ್ ಮಾಡಿದೆ. ಹೊಸದು ಇದೆಯಲ್ಲ ಅಂತ ಧೈರ್ಯ. ಮತ್ತೆ ಆನ್ ಮಾಡಿದರೆ ಅದು ಏಳಲೇ ಇಲ್ಲ. ಪವರ್ ಸಪ್ಲೈ ಹೋಗಿತ್ತು.

ಸೋಮವಾರ ಬೆಳಿಗ್ಗೆ ವೇಬ್ರಿಡ್ಜ್ ಹುಡುಗನ ಫೋನು. "ಸರ್, ಲಾಗಿನ್ ಆಗವಲ್ದು ರೀ. ಲಾರಿ ನಿಂತಾವು." ಅವನು ಆ ಸಿಸ್ಟಮ್‌ನಲ್ಲಿ ಮುಂಚೆ ಎಂದೂ ಲಾಗಿನ್ ಆಗಿರಲಿಲ್ಲ, ಹಾಗಾಗಿ ಒಳಗೇ ಬಿಡಲಿಲ್ಲ. ಹಳಬರು ಸಿಸ್ಟಮ್‌ನಲ್ಲೇ ಉಳಿದಿದ್ದ ಹಿಂದಿನ ಲಾಗಿನ್ ನೆನಪಿನಿಂದ ಹೇಗೋ ಲಾಗಿನ್ ಆದರು, ಆದರೆ ಫೈಲ್ ಸರ್ವರ್ ಅವರನ್ನು ಗುರುತಿಸಲಿಲ್ಲ. ರೈತರು ರಾತ್ರಿಯಿಡೀ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದವರು, ರಸ್ತೆವರೆಗೆ ಸಾಲು. ಚೀಟಿಯಲ್ಲಿ ತೂಕ ಬರೆದು ಒಂದೂವರೆ ದಿನ ನಡೆಸಿದೆವು. ಬೆಂಗಳೂರಿನಿಂದ ಪವರ್ ಸಪ್ಲೈ ರಾತ್ರಿ ಬಸ್ಸಿನಲ್ಲಿ ಬಂತು. ಸಾವ್ಕಾರ್ರು ಒಂದು ಮಾತೂ ಬೈಯಲಿಲ್ಲ. ಆ ಸಾಲಿನ ಮುಂದೆ ನಿಂತಾಗ ಆದ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಹಳೇದು ಎದ್ದ ಮೇಲೆ ಸಿಸ್‌ವಾಲ್ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಟ್ಟೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡೋ ರಿಜಿಸ್ಟ್ರಿಯ ಬರ್‌ಫ್ಲಾಗ್ಸ್ ಅನ್ನೋ ಜಾಗದಲ್ಲಿ ಹಳೇದರಲ್ಲಿ ಡಿ4, ಹೊಸದರಲ್ಲಿ ಡಿ2 ಕೊಟ್ಟು ಎಫ್‌ಆರ್‌ಎಸ್ ರೀಸ್ಟಾರ್ಟ್ ಮಾಡಿದೆ. ಡಿ4 ಅಂದರೆ ನನ್ನದೇ ಸರಿಯಾದ ಪ್ರತಿ, ಡಿ2 ಅಂದರೆ ಅವನಿಂದ ತಗೊಳ್ಳುತ್ತೇನೆ. ಅದಲುಬದಲಾದರೆ ಖಾಲಿ ಫೋಲ್ಡರೇ ನಿಜವಾದದ್ದು ಅಂತಾಗುತ್ತದೆ, ಎರಡು ಸಲ ನೋಡಿ. ಹೊಸದರ ಲಾಗ್‌ನಲ್ಲಿ 13516 ಬಂತು, ಅಂದರೆ ಅದು ಕಂಟ್ರೋಲರ್ ಆಗೋಕೆ ಇನ್ನು ಎಫ್‌ಆರ್‌ಎಸ್ ಅಡ್ಡಿಯಿಲ್ಲ ಅಂತ. ನೆಟ್ ಶೇರ್ ಅಂತ ಕೊಟ್ಟಾಗ ಸಿಸ್‌ವಾಲ್, ನೆಟ್‌ಲಾಗಾನ್ ಎರಡೂ ಕಂಡವು.

ಈಗ ನಿಮ್ಮ ವಿಷಯ. ನಿಮ್ಮ ಡೊಮೈನ್ ಇನ್ನೂ ಎಫ್‌ಆರ್‌ಎಸ್‌ನಲ್ಲಿದ್ದರೆ 2019 ಸೇರೋದೇ ಇಲ್ಲ, ವಿಝಾರ್ಡೇ ತಡೆಯುತ್ತದೆ. ಹಳೇ ಸರ್ವರ್‌ನಲ್ಲಿ ಡಿಎಫ್‌ಎಸ್‌ಆರ್‌ಮಿಗ್ ಕಮಾಂಡ್‌ಗೆ ಗೆಟ್‌ಗ್ಲೋಬಲ್‌ಸ್ಟೇಟ್ ಕೊಡಿ. ಎಲಿಮಿನೇಟೆಡ್ ಅಂತ ಬಂದರೆ ಸರಿ. ಇಲ್ಲದಿದ್ದರೆ ಮೊದಲು 13568 ಇದೆಯಾ ನೋಡಿ, ಇದ್ದರೆ ರಿಪೇರಿ ಮಾಡಿ, ಆಮೇಲೆ ಮೂರು ಹಂತದಲ್ಲಿ ಎಫ್‌ಆರ್‌ಎಸ್ ಜಾಗಕ್ಕೆ ಬಂದ ಹೊಸ ಸರ್ವಿಸ್ ಡಿಎಫ್‌ಎಸ್‌ಆರ್‌ಗೆ ಬದಲಾಯಿಸಿ. ಡೊಮೈನ್ ಫಂಕ್ಷನಲ್ ಲೆವೆಲ್ (ಡೊಮೈನ್ ಯಾವ ಆವೃತ್ತಿಯ ಮಟ್ಟದಲ್ಲಿ ಕೆಲಸ ಮಾಡುತ್ತದೆ ಅನ್ನೋ ಸೆಟ್ಟಿಂಗ್) 2008 ಆದರೂ ಇರಬೇಕು. ಹೊಸದರ ಡಿಎನ್‌ಎಸ್ (ಹೆಸರಿನಿಂದ ಸರ್ವರ್ ವಿಳಾಸ ಹುಡುಕೋ ಸೇವೆ) ಹಳೇ ಸರ್ವರ್ ಕಡೆ ತೋರಿಸಲಿ, ರೂಟರ್ ಕಡೆ ಬೇಡ. ಸೇರಿದ ಮೇಲೆ ಎಲ್ಲ ಸಿಸ್ಟಮ್‌ಗಳಿಗೂ ಎರಡೂ ಸರ್ವರ್‌ಗಳ ಡಿಎನ್‌ಎಸ್ ಕೊಡಿ.

ಬ್ಯಾಕಪ್ ಅನ್ನೋ ಮಾತನ್ನೇ ನಾನು ಒಪ್ಪಲ್ಲ. ಪ್ರೈಮರಿ, ಬ್ಯಾಕಪ್ ಅನ್ನೋ ಭೇದ ಹಳೇ ವಿಂಡೋಸ್ ಎನ್‌ಟಿ ಕಾಲದ್ದು. ವಿಂಡೋಸ್ 2000ದಿಂದ ಸಾಮಾನ್ಯ ಕಂಟ್ರೋಲರ್‌ಗಳೆಲ್ಲದರಲ್ಲೂ ಬದಲಾವಣೆ ಬರೆಯಬಹುದು, ಐದು ವಿಶೇಷ ರೋಲ್‌ಗಳು ಮಾತ್ರ ಯಾವುದಾದರೂ ಒಂದರ ಹತ್ತಿರ ಇರುತ್ತವೆ. ಹಳೇದರಲ್ಲಿ ಯೂಸರ್ ಅಳಿಸಿದರೆ ಹೊಸದರಲ್ಲೂ ಅಳಿಯುತ್ತದೆ, ಅದು ಎಲ್ಲಿಯ ಬ್ಯಾಕಪ್? ಡೈರೆಕ್ಟರಿ, ಸಿಸ್‌ವಾಲ್, ರಿಜಿಸ್ಟ್ರಿ ಎಲ್ಲಾ ಸೇರಿದ ಸಿಸ್ಟಮ್ ಸ್ಟೇಟ್ ಬ್ಯಾಕಪ್ಪನ್ನು ಬೇರೆ ಡಿಸ್ಕ್‌ಗೆ ದಿನಾ ತಗೊಳ್ಳಿ. ಇನ್ನು ಆಫ್ ಮಾಡಿಟ್ಟರೆ, 60 ದಿನ ದಾಟಿದ ಮೇಲೆ ಡಿಎಫ್‌ಎಸ್‌ಆರ್ ಲಾಗ್‌ನಲ್ಲಿ ಈವೆಂಟ್ 4012 ಹಾಕಿ ಸಿಸ್‌ವಾಲ್ ತರೋದನ್ನೇ ನಿಲ್ಲಿಸುತ್ತದೆ. ಇನ್ನೂ ಜಾಸ್ತಿ ದಿನವಾದರೆ ಟೂಂಬ್‌ಸ್ಟೋನ್ ಅವಧಿ (ಅಳಿಸಿದ್ದರ ಗುರುತನ್ನು ಡೈರೆಕ್ಟರಿ ಇಟ್ಟುಕೊಳ್ಳೋ ಕಾಲ) ಮುಗಿದು ಡೈರೆಕ್ಟರಿಯೂ ಅದನ್ನು ಸೇರಿಸಿಕೊಳ್ಳುವುದಿಲ್ಲ. ಆ ಅವಧಿ 180 ದಿನ, ತುಂಬಾ ಹಳೇ ಡೊಮೈನ್‌ಗಳಲ್ಲಿ 60.

ನನ್ನನ್ನು ಕೇಳಿದರೆ ಉಲ್ಟಾ ಮಾಡಿ. 2008 ಆರ್2ಗೆ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಐದೂ ರೋಲ್‌ಗಳನ್ನು 2019ಕ್ಕೆ ಕೊಟ್ಟು ಅದನ್ನೇ ಮುಖ್ಯ ಮಾಡಿ. ಹಳೇದು ಎರಡು ಮೂರು ತಿಂಗಳು ಜೊತೆಗಿರಲಿ, ಆಮೇಲೆ ಕ್ರಮವಾಗಿ ಡಿಮೋಟ್ ಮಾಡಿ (ಕಂಟ್ರೋಲರ್ ಪಾತ್ರ ಬಿಡಿಸಿ) ತೆಗೆಯಿರಿ, ಅದರ ಜಾಗಕ್ಕೆ ಇನ್ನೊಂದು ಹೊಸದು ತರಿಸಿ. ತೆಗೆಯೋ ಮುಂಚೆ, ಸುಗ್ಗಿ ಇಲ್ಲದ ಒಂದು ಭಾನುವಾರ ಹಳೇದರ ನೆಟ್‌ವರ್ಕ್ ಕೇಬಲ್ ಮಾತ್ರ ಕಿತ್ತು, ಯಾರೂ ಹಿಂದೆ ಲಾಗಿನ್ ಆಗದ ಸಿಸ್ಟಮ್‌ನಲ್ಲಿ ಒಬ್ಬ ಹೊಸ ಯೂಸರ್ ಲಾಗಿನ್ ಮಾಡಿ ನೋಡಿ. ಸರ್ವರ್ ಶಟ್‌ಡೌನ್ ಮಾಡಬೇಡಿ, ಕೇಬಲ್ ಸಾಕು.